ಹಟ್ಟುಸಾ ಬಗ್ಗೆ ಬರೆದು ಕಳಿಸಿದವರಿಗೆ

ನಮಸ್ಕಾರ.

‘ಟರ್ಕಿಯಲ್ಲಿ ವೇದದ ದೇವರು’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ನೀವು ಸಾಕಷ್ಟು ಓದಿಕೊಂಡೇ ಬರೆದಿದ್ದೀರಿ, ಅದು ಕಾಣುತ್ತದೆ. ಅದಕ್ಕೇ ತೊಂದರೆ ಎಲ್ಲಿದೆ ಅಂತ ಬಿಡಿಸಿ ಹೇಳುತ್ತೇನೆ.

ನಿಮ್ಮ ವಾದ ಇಷ್ಟು: ಈಗಿನ ಟರ್ಕಿಯಲ್ಲಿ ಹಿಂದೆ ಆಳಿದ ಹಿಟ್ಟೈಟರ ರಾಜಧಾನಿ ಹಟ್ಟುಸಾದಲ್ಲಿ ಸಿಕ್ಕ ಒಂದು ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ (ಅಶ್ವಿನಿ ದೇವತೆಗಳ) ಹೆಸರಿದೆ, ಆದ್ದರಿಂದ ಹಿಟ್ಟೈಟರು ವೇದದ ಜನ. ಹೆಸರುಗಳಿರುವುದು ನಿಜ. ಉಳಿದದ್ದು ನಿಲ್ಲುವುದಿಲ್ಲ.

ಆ ಒಪ್ಪಂದ ಕ್ರಿ.ಪೂ. 14ನೇ ಶತಮಾನದ್ದು. ಹಿಟ್ಟೈಟ್ ದೊರೆ ಒಂದನೇ ಸುಪ್ಪಿಲುಲಿಯುಮ ಮತ್ತು ಸಿರಿಯಾ ಕಡೆಯ ಮಿತನ್ನಿ ರಾಜ್ಯದ ಶತ್ತಿವಾಜ ಮಾಡಿಕೊಂಡದ್ದು. ಎರಡೂ ಕಡೆಯ ದೇವರುಗಳನ್ನು ಸಾಕ್ಷಿಗೆ ಕರೆದಿದ್ದಾರೆ. ನೀವು ಹೇಳುವ ಹೆಸರುಗಳು ಬರುವುದು ಮಿತನ್ನಿಯ ಪಟ್ಟಿಯಲ್ಲಿ. ಅದರಲ್ಲಿ ಹುರ್ರಿಯನ್ನರ ಗುಡುಗಿನ ದೇವರು ತೇಶುಬ್ ಇದ್ದಾನೆ, ಇನ್ನೂ ಎಷ್ಟೋ ದೇವರಿದ್ದಾರೆ. ಮಿತನ್ನಿಯಲ್ಲಿ ಹೆಚ್ಚಿನವರು ಆಡುತ್ತಿದ್ದದ್ದು ಹುರ್ರಿಯನ್. ಅದಕ್ಕೆ ಸಂಸ್ಕೃತದ ನಂಟಿಲ್ಲ, ಹಿಟ್ಟೈಟ್ ಭಾಷೆಯ ನಂಟೂ ಇಲ್ಲ. ರಾಜರ ಹೆಸರುಗಳಲ್ಲಿ, ಈ ಕೆಲವು ದೇವರಲ್ಲಿ, ಕುದುರೆ ಪಳಗಿಸುವವರ ಮಾತಿನಲ್ಲಿ ಮಾತ್ರ ಇಂಡೋ-ಆರ್ಯನ್, ಅಂದರೆ ಸಂಸ್ಕೃತದ ಬಳಗದ, ಗುರುತು ಉಳಿದಿದೆ. ಇನ್ನು ಒಪ್ಪಂದ ಬರೆದದ್ದು ಆಗ ರಾಜರಾಜರ ನಡುವೆ ನಡೆಯುತ್ತಿದ್ದ ಅಕ್ಕಾಡಿಯನ್ ಭಾಷೆಯಲ್ಲಿ. ಒಂದು ಮಣ್ಣಿನ ಫಲಕದಲ್ಲಿ ಇಷ್ಟು ಜನ ಸೇರಿದ್ದಾರೆ. ನೀವು ನಮಗೆ ಪರಿಚಯ ಇರುವವರನ್ನು ಮಾತ್ರ ಮಾತಾಡಿಸಿದ್ದೀರಿ.

ಕಿಕ್ಕುಲಿಯ ವಿಷಯದಲ್ಲೂ ಹೀಗೇ ಆಗಿದೆ. ರಥದ ಕುದುರೆಗಳ ತರಬೇತಿಯ ಅವನ ಬರಹದಲ್ಲಿ ಐಕ, ತೇರ, ಪಂಜ, ಸತ್ತ (ಒಂದು, ಮೂರು, ಐದು, ಏಳು) ಎಂಬ ಸಂಸ್ಕೃತದಂಥ ಎಣಿಕೆ ಇದೆ ಎಂದಿದ್ದೀರಿ. ಸರಿ. ಆದರೆ ಅವನು ಮಿತನ್ನಿಯವನು, ಬರಹ ಇರುವುದು ಹಿಟ್ಟೈಟ್ ಭಾಷೆಯಲ್ಲಿ. ಇದನ್ನು ನೀವು ಹೇಳಿಯೇ ಇಲ್ಲ. ಹೇಳಿದ್ದರೆ ಕಥೆಗೆ ಇನ್ನೂ ಸ್ವಾರಸ್ಯ ಬರುತ್ತಿತ್ತು. ಕಸುಬು ಒಂದು ನಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಅದರ ಮಾತುಗಳನ್ನೂ ಕಟ್ಟಿಕೊಂಡು ಹೋಗುತ್ತದೆ, ಅಲ್ವಾ?

ಲೇಖನದ ಉದ್ದಕ್ಕೂ ಇರುವ ತೊಂದರೆ ಒಂದೇ. ಭಾಷೆ, ಜನ, ರಾಜ್ಯ, ಲಿಪಿ ನಾಲ್ಕೂ ಒಂದೇ ಅಂದುಕೊಂಡು ಬರೆದಿದ್ದೀರಿ. ಅನಟೋಲಿಯಾದಲ್ಲಿ, ಅಂದರೆ ಈಗಿನ ಟರ್ಕಿಯ ಏಷ್ಯಾ ಭಾಗದಲ್ಲಿ, ಅದು ಎಲ್ಲೂ ಹೊಂದುವುದಿಲ್ಲ. ಹಿಟ್ಟೈಟರ ರಾಜ್ಯದ ಹೆಸರು ಹಟ್ಟಿ. ಆ ಹೆಸರು ಅವರಿಗಿಂತ ಮೊದಲು ಅಲ್ಲಿದ್ದವರದು. ಆ ಹಳಬರ ಹಟ್ಟಿಕ್ ಭಾಷೆಯೇ ಬೇರೆ. ಹೊಸ ದೊರೆಗಳು ಅದನ್ನು ಅಳಿಸಲಿಲ್ಲ, ದೇವರ ಕಾರ್ಯಗಳಲ್ಲಿ ಹಟ್ಟಿಕ್‌ನಲ್ಲೇ ಹಾಡಿಸಿದರು. ತಮ್ಮ ಭಾಷೆಯನ್ನು ಮಾತ್ರ ನೇಸಾ ಊರಿನ ಮಾತು ಎಂದು ಕರೆದುಕೊಂಡರು. ಹಟ್ಟುಸಾದಲ್ಲಿ ಸುಮಾರು 30,000 ಫಲಕ ಮತ್ತು ಚೂರುಗಳು ಸಿಕ್ಕಿವೆ. ಹಿಟ್ಟೈಟ್, ಅಕ್ಕಾಡಿಯನ್, ಸುಮೇರಿಯನ್, ಹಟ್ಟಿಕ್, ಹುರ್ರಿಯನ್, ಲುವಿಯನ್, ಪಲಾಯಿಕ್ ಎಲ್ಲವೂ ಅವುಗಳಲ್ಲಿವೆ. 2023ರಲ್ಲಿ ಕಲಸ್ಮ ಎಂಬ ಸೀಮೆಯ ಇನ್ನೊಂದು ಭಾಷೆಯೂ ಸೇರಿತು. ಇದನ್ನೆಲ್ಲ ನೀವು ‘ಹಲವು ಭಾಷೆಗಳಿದ್ದವು’ ಎಂದು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ನಿಜವಾದ ಲೇಖನ ಇರುವುದೇ ಇಲ್ಲಿ.

ಒಂದು ತಿದ್ದುಪಡಿ. ಕನೇಶಿಗೆ (ನೇಸಾದ ಇನ್ನೊಂದು ಹೆಸರು) ಕತ್ತೆಗಳ ಮೇಲೆ ತವರ, ಬಟ್ಟೆ ಹೇರಿಕೊಂಡು ಬಂದ ಅಸ್ಸೀರಿಯದ ವ್ಯಾಪಾರಿಗಳಿಂದ ಹಿಟ್ಟೈಟರು ಬರೆಯಲು ಕಲಿತರು ಎಂದಿದ್ದೀರಿ. ಹಿಟ್ಟೈಟರ ಅಕ್ಷರದ ರೂಪ ಆ ವ್ಯಾಪಾರಿಗಳದಲ್ಲ. ಅದು ಸಿರಿಯಾ ಕಡೆಯಿಂದ ಬಂದದ್ದು ಎಂಬುದು ಹೆಚ್ಚಿನ ವಿದ್ವಾಂಸರ ಮಾತು.

ಪುದುಹೇಪಾಗೆ ನೀವು ಒಂದೇ ಸಾಲು ಕೊಟ್ಟಿದ್ದೀರಿ. ದಯವಿಟ್ಟು ಒಂದು ಪುಟ ಕೊಡಿ. ಅವಳು ಅನಟೋಲಿಯಾದ ತೆಂಕಣ ಸೀಮೆ ಕಿಜ್ಜುವತ್ನದ ಪೂಜಾರಿಯ ಮಗಳು, ಮೂರನೇ ಹಟ್ಟುಸಿಲಿಯ ರಾಣಿ. ತವರಿನ ಹುರ್ರಿಯನ್ ದೇವರುಗಳನ್ನು ಹಟ್ಟಿಗೆ ತಂದಳು. ಅರಿನ್ನಾದ ಸೂರ್ಯದೇವಿಗೆ ಮಾಡಿದ ಪ್ರಾರ್ಥನೆಯಲ್ಲಿ, ಹಟ್ಟಿಯಲ್ಲಿ ನಿನಗೆ ಈ ಹೆಸರು, ದೇವದಾರುಗಳ ನಾಡಿನಲ್ಲಿ ನೀನೇ ಹೆಬಾತ್ (ಹುರ್ರಿಯನ್ನರ ದೇವಿ) ಎಂದು ಹೇಳುತ್ತಾಳೆ. ಕ್ರಿ.ಪೂ. 1259ರ ಸುಮಾರಿಗೆ ಈಜಿಪ್ಟಿನ ಎರಡನೇ ರಾಮ್ಸೆಸ್ ಜೊತೆ ಆದ ಒಪ್ಪಂದಕ್ಕೆ ಗಂಡನ ಮುದ್ರೆಯ ಜೊತೆ ಅವಳ ಮುದ್ರೆಯೂ ಬಿತ್ತು. ಹಟ್ಟುಸಾದ ಪಕ್ಕದ ಯಾಜಿಲಿಕಾಯದ ಬಂಡೆಗಳಿಗೆ ಹೋದರೆ, ಕೆತ್ತಿದ ದೇವರುಗಳ ಹೆಸರು ಹುರ್ರಿಯನ್, ಬರೆದ ಚಿತ್ರಲಿಪಿ ಲುವಿಯನ್‌ಗೆ ಬಳಸುತ್ತಿದ್ದದ್ದು, ಕೆತ್ತಿಸಿದ್ದು ಹಿಟ್ಟೈಟ್ ಅರಮನೆ. ಲೇಖನವನ್ನು ಇಲ್ಲಿಂದಲೇ ಶುರು ಮಾಡಬಹುದು. ವೇದದ ಹೆಸರುಗಳು ಮಧ್ಯದಲ್ಲಿ ಬರಲಿ. ಆಗ ಓದುಗರಿಗೆ ಅವು ಎಲ್ಲಿ ಕೂರುತ್ತವೆ ಅಂತ ತಾನಾಗೇ ತಿಳಿಯುತ್ತದೆ.

ಕೊನೆಯ ಭಾಗವನ್ನೂ ಬದಲಿಸಿ. ಕ್ರಿ.ಪೂ. 1200ರ ಹೊತ್ತಿಗೆ ರಾಜಧಾನಿ ಪಾಳುಬಿತ್ತು, ಎಲ್ಲ ಅಳಿದುಹೋಯಿತು ಎಂದು ಬರೆದಿದ್ದೀರಿ. ಅಳಿದದ್ದು ರಾಜ್ಯ. ಲುವಿಯನ್ ಭಾಷೆ ಉಳಿಯಿತು. ಕಾರ್ಕೆಮಿಶ್‌ನಂಥ ಪಟ್ಟಣಗಳಲ್ಲಿ ಅದರ ಶಾಸನಗಳು ಇನ್ನೂ ಕೆಲವು ಶತಮಾನ ಬಂದವು. ಟರ್ಕಿಯ ಕಾರಾತೆಪೆಯಲ್ಲಿ, ಆಗಲೇ ಓದಲು ಬರುತ್ತಿದ್ದ ಫಿನೀಶಿಯನ್ ಮತ್ತು ಲುವಿಯನ್ ಎರಡರಲ್ಲೂ ಬರೆಸಿದ ಶಾಸನ 1946ರಲ್ಲಿ ಸಿಕ್ಕ ಮೇಲೆ ಆ ಚಿತ್ರಲಿಪಿಯನ್ನು ಓದುವ ದಾರಿ ಸುಲಭವಾಯಿತು.

‘ರೋಮಾಂಚಕ’, ‘ಅಚ್ಚರಿಯ ಸತ್ಯ’ ಇಂಥ ಮಾತುಗಳನ್ನು ತೆಗೆಯಿರಿ. ಶೀರ್ಷಿಕೆ ಬೇರೆ ಇಡಿ. ಹಟ್ಟುಸಾ, ಕನೇಶ್, ಕಿಜ್ಜುವತ್ನ, ಮಿತನ್ನಿ ಎಲ್ಲಿವೆ ಅಂತ ತೋರಿಸುವ ಒಂದು ನಕ್ಷೆ ಜೊತೆಗಿರಲಿ. ತಿದ್ದಿದ ಪ್ರತಿಯನ್ನು ನನಗೇ ಕಳಿಸಿ, ನಾನೇ ಓದುತ್ತೇನೆ.