ಅಮೆರಿಕದ ಫೋನಿಗೆ ಇಲ್ಲಿನ ಸಿಮ್

ಪ್ರಶ್ನೆ: ಕಾಕಾ ಅಮೆರಿಕದಿಂದ ತಂದುಕೊಟ್ಟ ಐಫೋನ್ 13ಕ್ಕೆ ಇಲ್ಲಿನ ಸಿಮ್ ಹಾಕಿದರೆ ‘ಸಿಮ್ ನಾಟ್ ಸಪೋರ್ಟೆಡ್’ ಎಂದು ಬರುತ್ತದೆ. ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬದಲಿಸಿದರೆ ಸರಿಹೋಗುತ್ತದೆ ಎಂದು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹೇಳಿದರು. ಮಾಡಿಸಬಹುದೇ?
– ಓದುಗರು, ಗದಗ

ಉತ್ತರ: ದಯವಿಟ್ಟು ಬೇಡ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ ಅಪರಾಧ. 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ.

ಮೊದಲು ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ‘ಕ್ಯಾರಿಯರ್ ಲಾಕ್’ (ಒಂದೇ ಮೊಬೈಲ್ ಕಂಪನಿಯ ಸಿಮ್ ಮಾತ್ರ ನಡೆಯುವಂತೆ ಹಾಕಿದ ಬೀಗ) ಸಾಲು ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಲಾಕ್ ಇಲ್ಲ. ಲಾಕ್ ಇದ್ದರೆ ಅದನ್ನು ತೆಗೆಯುವ ಅಧಿಕಾರ ಫೋನ್ ಕೊಟ್ಟ ಅಮೆರಿಕದ ಮೊಬೈಲ್ ಸೇವಾ ಕಂಪನಿಗೆ ಮಾತ್ರ. ಕಂತು ಬಾಕಿಯಿದ್ದರೆ ಅವರು ಒಪ್ಪುವುದಿಲ್ಲ, ಹಾಗಾಗಿ ಕಾಕಾ ಅವರಿಂದಲೇ ಅರ್ಜಿ ಹಾಕಿಸಿ. ಅರ್ಜಿಗೆ ಐಎಂಇಐ ಬೇಕು: *#06# ಒತ್ತಿದರೆ 15 ಅಂಕಿ ಕಾಣುತ್ತದೆ. ಮೊದಲ 8 ಮಾಡೆಲ್‌ನದು, ನಂತರದ 6 ಆ ಫೋನಿನದೇ ಕ್ರಮಸಂಖ್ಯೆ, ಕೊನೆಯದು ಬರೆಯುವಾಗಿನ ತಪ್ಪು ಹಿಡಿಯುವ ಅಂಕಿ. ಎರಡು ಸಂಖ್ಯೆ ಕಂಡರೆ ಗಾಬರಿ ಬೇಡ, ಎರಡು ಸಿಮ್‌ಗೆ ಎರಡು.

ಒಪ್ಪಿಗೆ ಬಂದ ಮೇಲೆ ಸಿಮ್ ಹಾಕಿ ವೈಫೈಗೆ ಜೋಡಿಸಿ. ಆಗಲೂ ಅದೇ ಸಂದೇಶ ಬಂದರೆ ಬ್ಯಾಕಪ್ ತೆಗೆದು, ಫೋನ್ ಪೂರ್ತಿ ಅಳಿಸಿ, ಮತ್ತೆ ಹೊಂದಿಸಿ.

ಅಂದಹಾಗೆ, ಐಫೋನ್ 14ರಲ್ಲಿ ಅಮೆರಿಕದ ಮಾಡೆಲ್‌ಗೆ ಸಿಮ್ ಟ್ರೇಯೇ ಇಲ್ಲ. ಅದಕ್ಕೆ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಬೇಕು.