ಗೋಡೆಯ ಬೂಷ್ಟಿನಿಂದ ಮೈಗೆ ಕಜ್ಜಿ ಬರುತ್ತಾ? ಮನೆ ಬದಲಿಸಬೇಕಾ?

ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು, ಗಂಡನ ತೊಡೆಯಲ್ಲಿ ಉಂಗುರದಂಥ ಕಜ್ಜಿ, ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚಿದರೆ ಹೋಗಿ ಮತ್ತೆ ಬರುತ್ತದೆ, ಮನೆ ಖಾಲಿ ಮಾಡಲಾ ಅಂತ ಕೇಳಿದ್ದೀರಿ. ಮಾಡಬೇಡಿ. ಕಡೇಪಕ್ಷ ಈ ಕಾರಣಕ್ಕೆ ಮಾಡಬೇಡಿ. ನಾವು ಮಾಡಿದೆವು. ಪೇಂಟಿಂಗ್ ಖರ್ಚು ಅಂತ ಅಡ್ವಾನ್ಸಿನಲ್ಲಿ ಹಿಡಿದುಕೊಂಡರು, ಲಾರಿ ಬಾಡಿಗೆ ಹೋಯಿತು, ಮಗಳ ಶಾಲೆ ದೂರವಾಯಿತು. ಕಜ್ಜಿ ಮಾತ್ರ ನಮ್ಮ ಜೊತೆಗೇ ಹೊಸ ಮನೆಗೆ ಗೃಹಪ್ರವೇಶ ಮಾಡಿತು.

ನಾನು ಬಳ್ಳಾರಿ ಕಡೆಯವಳು. ನಮ್ಮಲ್ಲಿ ಬಟ್ಟೆ ಹರವಿ ಒಳಗೆ ಬಂದು ಟೀ ಕುಡಿಯುವಷ್ಟರಲ್ಲಿ ಒಣಗಿರುತ್ತದೆ. ತೀರ್ಥಹಳ್ಳಿಗೆ ವರ್ಗವಾಗಿ ಬಂದದ್ದು ಬೇಸಿಗೆಯಲ್ಲಿ. ನೆಲಮಹಡಿ, ಹೊಸ ಆರ್‌ಸಿಸಿ ಮನೆ, ಹಿಂದೆ ಅಡಿಕೆ ತೋಟ. ನೋಡಿದ ಕೂಡಲೇ ಒಪ್ಪಿಕೊಂಡೆವು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಇದೇ ತಾಲ್ಲೂಕಿನಲ್ಲಿದೆ ಅಂತ ಶಾಲೆಯಲ್ಲಿ ಓದಿದ್ದೆ, ನಿಜ. ಆದರೆ ಅದು ಬೀರುವಿನೊಳಗೂ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಆರಿದ್ರಾ ಮಳೆ ಹಿಡಿಯಿತು ನೋಡಿ, ಮೊದಲು ಬೆಲ್ಟು, ಚಪ್ಪಲಿ. ಪುನರ್ವಸು ಹೊತ್ತಿಗೆ ಮದುವೆ ಸೀರೆಯ ಮಡಿಕೆ. ಪುಷ್ಯದಲ್ಲಿ ಮಂಚದ ಹಿಂದಿನ ಗೋಡೆ ಪೂರ್ತಿ ಕಪ್ಪು ಚುಕ್ಕೆ.

ಅದೇ ಮಳೆಗಾಲದಲ್ಲಿ ಮನೆಯ ಮೂವರಿಗೂ ಚರ್ಮದ ಕಾಟ ಶುರುವಾಯಿತು. ನಮ್ಮ ಯಜಮಾನರಿಗೆ ಸೊಂಟದ ಸುತ್ತ, ತೊಡೆ ಸಂದಿಯಲ್ಲಿ ಉಂಗುರ. ಮಗಳಿಗೆ ಮೊಣಕೈ ಮಡಿಕೆ, ಮಂಡಿ ಹಿಂದೆ ಕೆಂಪು, ರಾತ್ರಿಯಿಡೀ ಪರಪರ ಕೆರೆತ. ನನಗೆ ಎರಡೂ ಅಂಗೈ, ಬೆರಳ ಸಂದಿ ಒಡೆದು ಉರಿ. ಮೂವರು ಮಲಗುವುದು ಒಂದೇ ಮಂಚದಲ್ಲಿ, ಮಂಚ ಇರುವುದು ಆ ಗೋಡೆಗೆ ಒತ್ತಿ. ಇನ್ನೇನು ಬೇಕು ಸಾಕ್ಷಿ?

ನಾನು ತಪ್ಪಿದ್ದು ಇಲ್ಲೇ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಲೆಕ್ಕ ಕಾಣುತ್ತಿದೆ. ಗೋಡೆಯದ್ದೂ ಫಂಗಸ್, ಹುಳುಕಡ್ಡಿ ಅಂದರೆ ಯಜಮಾನರ ಉಂಗುರವೂ ಫಂಗಸ್, ಹಾಗಾದರೆ ಗೋಡೆಯದ್ದೇ ಮೈಗೆ ಬಂದಿದೆ ಅಂತ ನನ್ನ ಲೆಕ್ಕ. ಮೆಡಿಕಲ್ ಶಾಪಿನವರು ‘ಮಳೆಗಾಲದಲ್ಲಿ ಎಲ್ಲರಿಗೂ ಇದೇ ಕೊಡೋದು ಮೇಡಂ’ ಅಂತ ಒಂದು ಟ್ಯೂಬ್ ಕೊಟ್ಟರು. ಯಜಮಾನರು ಹಚ್ಚಿದರು, ಎರಡೇ ದಿನಕ್ಕೆ ತುರಿಕೆ ಮಾಯ. ಅದನ್ನೇ ಮಗಳಿಗೆ ಹಚ್ಚಿದೆ, ಕೆಂಪು ಇಳಿಯಿತು. ನನ್ನ ಕೈಗೂ ಹಚ್ಚಿಕೊಂಡೆ, ಉರಿ ಕಡಿಮೆ. ಮೂವರಿಗೂ ಒಂದೇ ಮದ್ದು ಹಿಡಿಯಿತು ಅಂದರೆ ಮೂವರಿಗೂ ಒಂದೇ ರೋಗ, ಅದರ ಬೇರು ಗೋಡೆಯಲ್ಲಿ ಅಂತ ತೀರ್ಮಾನಿಸಿಬಿಟ್ಟೆ. ಬೂಷ್ಟು ಕಂಡಾಗಿನಿಂದ ಬ್ಲೀಚಿಂಗ್ ಪೌಡರ್ ಕಲಸಿ ಬರಿಗೈಯಲ್ಲಿ ಗೋಡೆ ಉಜ್ಜುತ್ತಲೇ ಇದ್ದೆ. ಸಂಜೆ ಸಾಂಬ್ರಾಣಿ ಹಾಕಿದೆ. ಓನರ್ ಹತ್ತಿರ ಜಗಳವಾಡಿ ಬೂಷ್ಟಿನ ಮೇಲೇ ಒಂದು ಕೋಟ್ ಡಿಸ್ಟೆಂಪರ್ ಹೊಡೆಸಿದೆ. ಅದು ಹಪ್ಪಳದ ಹಾಗೆ ಎದ್ದು ಬಂತು. ಟ್ಯೂಬ್ ನಿಲ್ಲಿಸಿದರೆ ಯಜಮಾನರ ಉಂಗುರ ಇನ್ನೂ ಅಗಲವಾಗಿ ಬರುತ್ತಿತ್ತು. ಆಮೇಲೆ ಮನೆ ಬಿಟ್ಟೆವು.

ಹೊಸ ಮನೆ ಮೊದಲ ಮಹಡಿಯಲ್ಲಿ, ಗೋಡೆ ಒಣ. ಆದರೂ ಅವರಿಗೆ ಉಂಗುರ ಹೊಟ್ಟೆಯವರೆಗೆ ಹತ್ತಿತು. ಕೊನೆಗೆ ಶಿವಮೊಗ್ಗದಲ್ಲಿ ಸ್ಕಿನ್ ಡಾಕ್ಟರ್ ಹತ್ತಿರ ಹೋದೆವು. ನಾನು ಮೊಬೈಲಿನಲ್ಲಿ ಹಳೇ ಗೋಡೆಯ ಫೋಟೋ ತೆಗೆದು ಮುಂದೆ ಹಿಡಿದೆ. ಡಾಕ್ಟರಮ್ಮ ಅದನ್ನು ಸರಿಯಾಗಿ ನೋಡಲೂ ಇಲ್ಲ. ‘ಗೋಡೆ ಇರಲಮ್ಮ, ಟ್ಯೂಬ್ ಯಾವುದು ತೋರಿಸಿ’ ಅಂದರು.

ಆ ಟ್ಯೂಬಿನಲ್ಲಿ ಫಂಗಸ್ಸಿನ ಔಷಧಿಯ ಜೊತೆ ಕ್ಲೋಬೆಟಾಸಾಲ್ ಇತ್ತು. ಅದು ತುಂಬಾ ಜೋರಾದ ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಂಪು, ಊತ, ತುರಿಕೆ ಯಾವುದರಿಂದ ಬಂದಿದ್ದರೂ ಇಳಿಸುತ್ತದೆ. ಅದಕ್ಕೇ ಮೂವರಿಗೂ ಹಿಡಿದದ್ದು. ಆದರೆ ಹುಳುಕಡ್ಡಿ ಇರುವ ಕಡೆ ಅದು ಚರ್ಮದ ಕಾವಲನ್ನೇ ತಗ್ಗಿಸುತ್ತದೆ. ಮೇಲೆ ಶಾಂತ, ಒಳಗೆ ಫಂಗಸ್ ಆರಾಮಾಗಿ ಹಬ್ಬುತ್ತದೆ. ಹಚ್ಚುತ್ತಾ ಹೋದರೆ ಉಂಗುರದ ಆಕಾರವೇ ಕೆಟ್ಟು, ಡಾಕ್ಟರಿಗೂ ಗುರುತು ಸಿಗದ ಹಾಗಾಗುತ್ತದೆ. ತೊಡೆ ಸಂದಿಯಂಥ ತೆಳು ಚರ್ಮದಲ್ಲಿ ಹೆರಿಗೆ ಗೆರೆಯಂಥ ಗೆರೆ ಬೀಳುತ್ತವೆ. ಬಿದ್ದವು ಪೂರ್ತಿ ಹೋಗುವುದಿಲ್ಲ, ನಮ್ಮವರಿಗೆ ಇನ್ನೂ ಇವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ನನ್ನ ಕೈಗೆ ಮಾತ್ರ ಚೀಟಿ ಇಲ್ಲದೆಯೇ ಬಂತು.

ಡಾಕ್ಟರಮ್ಮ ಬ್ಲೇಡಿನಿಂದ ಚರ್ಮದ ಹೊಟ್ಟು ಕೆರೆದು, ಗಾಜಿನ ಮೇಲೆ ಕೆಒಎಚ್ ಅಂತ, ಹೊಟ್ಟನ್ನು ಕರಗಿಸಿ ಫಂಗಸ್ ಕಾಣುವ ಹಾಗೆ ಮಾಡುವ ದ್ರಾವಣದ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಹುಳುಕಡ್ಡಿಯೇ ಅಂದರು. ಹುಳುಕಡ್ಡಿಯ ಫಂಗಸ್ ಗೋಡೆಯದ್ದಕ್ಕಿಂತ ಬೇರೆ ಜಾತಿ. ಅದಕ್ಕೆ ಬೇಕಾದದ್ದು ಕೆರಾಟಿನ್, ಅಂದರೆ ನಮ್ಮ ಚರ್ಮ, ಕೂದಲು, ಉಗುರಿನಲ್ಲಿ ಇರುವ ಪ್ರೋಟೀನು. ಗೋಡೆಯ ಬೂಷ್ಟು ಪೇಂಟು, ಧೂಳು, ಮರ, ಕಾಗದ ತಿಂದು ಬದುಕುತ್ತದೆ. ಕ್ಲಾಡೋಸ್ಪೋರಿಯಮ್, ಪೆನಿಸಿಲಿಯಮ್, ಆಸ್ಪರ್‌ಜಿಲಸ್ ಅಂತ ಅವುಗಳ ಹೆಸರು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರ ಮಾತು ಬೇರೆ. ಆರೋಗ್ಯವಾಗಿರುವವರ ಚರ್ಮದಲ್ಲಿ ಅವು ಉಂಗುರ ಎಬ್ಬಿಸುವುದಿಲ್ಲ. ಹುಳುಕಡ್ಡಿ ಬರುವುದು ಮನುಷ್ಯರಿಂದ, ಒಮ್ಮೊಮ್ಮೆ ಬೆಕ್ಕು, ಕರುವಿನಿಂದ, ಒಬ್ಬರ ಟವೆಲ್ ಇನ್ನೊಬ್ಬರು ಬಳಸುವುದರಿಂದ. ನಮ್ಮವರಿಗೆ ಅಂಟಿದ್ದು ಎಲ್ಲಿಂದಲೋ, ಬೆಳೆದದ್ದು ಬೈಕಿನಲ್ಲಿ ನೆನೆದ ಜೀನ್ಸನ್ನು ಸಂಜೆವರೆಗೆ ಹಾಕಿಕೊಂಡು, ಅರೆ ಒಣಗಿದ ಒಳಉಡುಪು ತೊಟ್ಟು.

ಇನ್ನೊಂದು ವಿಷಯ. ಈಗಿನ ಹುಳುಕಡ್ಡಿ ನಮ್ಮ ಅಜ್ಜಿ ಕಾಲದ್ದಲ್ಲ. ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಒಂದು ಜಾತಿ ನಮ್ಮ ದೇಶದಲ್ಲಿ ಹಬ್ಬಿದೆ. ಮೊದಲೆಲ್ಲ ಸುಲಭಕ್ಕೆ ಕೆಲಸ ಮಾಡುತ್ತಿದ್ದ ಫಂಗಸ್ ಔಷಧಿ ಟರ್ಬಿನಾಫಿನ್‌ಗೆ ಅದು ಎಷ್ಟೋ ಸಲ ಜಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಸಿಕ್ಕಿತು. ಸ್ಟೀರಾಯ್ಡ್ ಬೆರೆಸಿದ ಟ್ಯೂಬುಗಳ ಹಾವಳಿಯೂ ಇದಕ್ಕೆ ಒಂದು ಕಾರಣ ಅಂತ ಚರ್ಮವೈದ್ಯರು ದೂರುತ್ತಾರೆ. ಹಾಗಾಗಿ ‘ಫಂಗಸ್ ಮಾತ್ರೆ’ ಅಂತ ಕೇಳಿ ತಂದು ನುಂಗುವುದೂ ಬೇಡ. ನಮ್ಮವರಿಗೆ ಬೇರೆ ಮಾತ್ರೆ ಕೊಟ್ಟರು. ಕಲೆ ಹೋದ ಮೇಲೂ ತುಂಬಾ ದಿನ ತಗೋಬೇಕಾಯಿತು. ಟವೆಲ್ ಬೇರೆ, ಬಟ್ಟೆ ಬಿಸಿನೀರಲ್ಲಿ ಒಗೆದು ಒಳಮೈಗೆ ಇಸ್ತ್ರಿ. ವಾಸಿಯಾಯಿತು.

ನನ್ನ ಕೈ? ಅದು ಬ್ಲೀಚಿಂಗ್ ಪೌಡರ್ ಸುಟ್ಟದ್ದು, ಅಷ್ಟೇ. ಬೂಷ್ಟಿನ ಮೇಲೆ ಯುದ್ಧಕ್ಕೆ ಹೋಗಿ ಮಾಡಿಕೊಂಡ ಗಾಯ. ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ. ಟಾಯ್ಲೆಟ್ ಕ್ಲೀನರಿನ ಆಸಿಡ್ ಜೊತೆ ಬ್ಲೀಚ್ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಗೋಡೆ ಪೂರ್ತಿ ನಿರಪರಾಧಿ ಅಂತಲೂ ಹೇಳುತ್ತಿಲ್ಲ. ಮಗಳದ್ದು ಇಸುಬು, ಅಂದರೆ ಎಕ್ಸಿಮಾ. ಹುಟ್ಟಿನಿಂದಲೇ ಚರ್ಮದ ಹೊರಪದರ ದುರ್ಬಲವಾಗಿರುವ ಮಕ್ಕಳಿಗೆ ಬರುವಂಥದ್ದು. ಅಂಥ ಮಕ್ಕಳಿಗೆ ತೇವದ ಮನೆ ಆಗಿಬರುವುದಿಲ್ಲ. ಬೂಷ್ಟಿನ ಕಣಕ್ಕೆ ಅಲರ್ಜಿ ಇದ್ದರೆ ಕೆರಳುತ್ತದೆ. ತೇವ ಇದ್ದಲ್ಲಿ ಹಾಸಿಗೆಯ ಧೂಳುಹುಳವೂ ಹೆಚ್ಚುತ್ತದೆ, ಅದೂ ಕೆರಳಿಸುತ್ತದೆ. ಹಳೇ ಹತ್ತಿ ಹಾಸಿಗೆ ಎಸೆದು, ಮಂಚ ಗೋಡೆಯಿಂದ ಎಳೆದು, ಸ್ನಾನವಾದ ತಕ್ಷಣ ಮಾಯಿಶ್ಚರೈಸರ್ ಹಚ್ಚಲು ಶುರುಮಾಡಿದ ಮೇಲೆ ಅವಳು ರಾತ್ರಿ ನಿದ್ದೆ ಮಾಡುತ್ತಾಳೆ. ತಮಾಷೆ ನೋಡಿ, ಅವಳಿಗೆ ಡಾಕ್ಟರ್ ಕೊಟ್ಟದ್ದೂ ಸ್ಟೀರಾಯ್ಡ್ ಮುಲಾಮೇ. ಆದರೆ ಮೆತ್ತನೆಯದು, ಇಷ್ಟೇ ದಿನ ಅಂತ ಬರೆದುಕೊಟ್ಟದ್ದು. ಅಪ್ಪನ ಉಂಗುರಕ್ಕೆ ವಿಷವಾದದ್ದು ಮಗಳ ಇಸುಬಿಗೆ ಮದ್ದು.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ತಂದಿತು. ಅದರಲ್ಲಿ ಗಟ್ಟಿಯಾಗಿ ಹೇಳಿದ್ದು ಉಸಿರಾಟದ ತೊಂದರೆ ಬಗ್ಗೆ: ಅಸ್ತಮಾ, ಕೆಮ್ಮು, ಉಬ್ಬಸ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬೆಳಗ್ಗೆ ಸೀನು, ರಾತ್ರಿ ಕೆಮ್ಮು ಇದ್ದರೆ ಆಗ ಗೋಡೆಯನ್ನು ಗುಮಾನಿಯಿಂದ ನೋಡಿ. ತೊಡೆಯ ಉಂಗುರಕ್ಕಲ್ಲ.

ಬೂಷ್ಟಿನ ಜಾತಿ ಪತ್ತೆಗೆ ಲ್ಯಾಬ್ ಟೆಸ್ಟ್ ಮಾಡಿಸಬೇಕಾ ಅಂತಲೂ ಕೇಳಿದ್ದೀರಿ. ಸುಮ್ನೆ ದುಡ್ಡು ದಂಡ. ಯಾವ ಜಾತಿಯಾದರೂ ಮಾಡುವ ಕೆಲಸ ಒಂದೇ, ನೀರು ಎಲ್ಲಿಂದ ಬರುತ್ತಿದೆ ನೋಡುವುದು. ಆನ್‌ಲೈನಿನಲ್ಲಿ ಮಾರುವ ‘ಬೂಷ್ಟಿನ ವಿಷ ತೆಗೆಯುವ’ ಪುಡಿಗಳ ಕಡೆ ತಿರುಗಿಯೂ ನೋಡಬೇಡಿ. ನಮ್ಮ ಹಳೇ ಗೋಡೆಯ ಆಚೆ ಬದಿ ಬಚ್ಚಲು, ಒಳಗೆ ಪೈಪು ಜಿನುಗುತ್ತಿತ್ತಂತೆ. ಓನರ್ ಆಮೇಲೆ ಒಡೆಸಿ ನೋಡಿದರಂತೆ. ಪೈಪ್ ಸರಿಮಾಡಿ, ಗೋಡೆ ಒಣಗಿಸಿ, ಕೆರೆದು, ಸೋಪು ನೀರಲ್ಲಿ ಒರೆಸಿ, ಆಮೇಲೆ ಪೇಂಟ್. ಈ ಕ್ರಮ ತಪ್ಪಿದರೆ ಪೇಂಟ್ ನಿಲ್ಲುವುದಿಲ್ಲ. ಮನೆಯೊಳಗಿನ ತೇವಾಂಶ ಶೇ. 60ರ ಕೆಳಗಿರಬೇಕು ಅನ್ನುತ್ತಾರೆ. ಮಲೆನಾಡಿನ ಜುಲೈನಲ್ಲಿ ಅದು ಕನಸು. ಹೊರಗೇ ಗಾಳಿ ಒದ್ದೆ ಇರುವಾಗ ಕಿಟಕಿ ತೆಗೆದು ಪ್ರಯೋಜನ ಕಡಿಮೆ. ಆದರೆ ಮಲಗುವ ಕೋಣೆಯಲ್ಲಿ ಬಟ್ಟೆ ಒಣಹಾಕದೇ ಇರುವುದು ನಮ್ಮ ಕೈಯಲ್ಲೇ ಇದೆ ಅಲ್ವಾ? ಇಲ್ಲಿಯ ಹಳೇ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಹೊಗೆ ವಾಸನೆ ಅಂತ ಮೊದಲು ಮೂಗು ಮುರಿದಿದ್ದೆ, ಈಗ ಪಕ್ಕದ ಮನೆ ಅಜ್ಜಿಯ ಹಗ್ಗದಲ್ಲಿ ನಮ್ಮ ಬಟ್ಟೆಯೂ ಇರುತ್ತದೆ. ಈ ಮನೆಗೂ ಮೂರನೇ ಮಳೆಗಾಲಕ್ಕೆ ಬೂಷ್ಟು ಬಂತು. ಕೆರೆದೆವು. ಯಾರಿಗೂ ಉಂಗುರ ಬರಲಿಲ್ಲ.

ಲಾರಿಯವನಿಗೆ ಫೋನ್ ಮಾಡುವ ಮೊದಲು ನಿಮ್ಮವರನ್ನು ಸ್ಕಿನ್ ಡಾಕ್ಟರ್ ಹತ್ತಿರ ಕಳಿಸಿ. ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದನ್ನೂ, ಕವರಿನಲ್ಲಿ ಹಾಕಿಕೊಂಡು ಹೋಗಲಿ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸಾಲ್, ಬೆಕ್ಲೋಮೆಟಾಸೋನ್, ಬೆಟಾಮೆಥಾಸೋನ್ ಅಂತ ಸ್ಟೀರಾಯ್ಡ್ ಏನಾದರೂ ಇದೆಯಾ ಈಗಲೇ ನೋಡಿ. ಇದ್ದರೆ, ತುಂಬಾ ದಿನದಿಂದ ಹಚ್ಚುತ್ತಿದ್ದರೆ, ನಿಲ್ಲಿಸಿದ ಕೂಡಲೇ ಕೆಲವು ದಿನ ಜೋರಾಗಿ ಕೆರಳಬಹುದು. ಹೇಗೆ ನಿಲ್ಲಿಸಬೇಕು ಅಂತಲೂ ಡಾಕ್ಟರನ್ನೇ ಕೇಳಲಿ. ಹೆದರಿ ಮತ್ತೆ ಅದೇ ಟ್ಯೂಬ್ ತರುವುದು ಬೇಡ.