ಕರೆಂಟ್ ಕಲ್ಲಿದ್ದಲಿನಿಂದ ಬಂದರೆ ಎಲೆಕ್ಟ್ರಿಕ್ ಕಾರಿನಿಂದ ಏನು ಲಾಭ?

ಕಾರಿನ ಹೊಗೆ ನಿಂತರೂ ಕರೆಂಟ್ ಮಾಡೋದಕ್ಕೆ ಕಲ್ಲಿದ್ದಲು ಸುಡುತ್ತಲೇ ಇರುತ್ತಾರೆ, ಇದು ನಮ್ಮ ಮನೆ ಕಸವನ್ನು ಪಕ್ಕದ ಮನೆ ಅಂಗಳಕ್ಕೆ ತಳ್ಳಿದ ಹಾಗಲ್ವಾ ಅಂತ ಕೇಳಿದ್ದೀರಿ. ಇವಿ (ಎಲೆಕ್ಟ್ರಿಕ್ ಕಾರು) ತಗೊಳ್ಳುವ ಮುಂಚೆ ನಾನೂ ಇದೇ ವಾದ ಮಾಡುತ್ತಿದ್ದೆ, ಸ್ವಲ್ಪ ಜೋರಾಗಿಯೇ. ವಾದ ಅರ್ಧ ಸರಿ ಇದೆ.

ಮೊದಲು ಪೆಟ್ರೋಲ್ ಕಾರು. ಒಂದು ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಬಾನೆಟ್ ಮುಟ್ಟಿ ನೋಡಿ, ಕೈ ಚುರ್ ಅನ್ನುತ್ತದೆ. ಆ ಬಿಸಿಗೂ ನೀವು ದುಡ್ಡು ಕೊಟ್ಟಿದ್ದೀರಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿ ಇರುತ್ತದೆ, ಆದರೆ ಚಕ್ರದವರೆಗೆ ತಲುಪುವುದು ಎರಡು, ಎರಡೂವರೆ ಯೂನಿಟ್ ಅಷ್ಟೇ, ಮಿಕ್ಕಿದ್ದೆಲ್ಲ ರೇಡಿಯೇಟರ್, ಸೈಲೆನ್ಸರ್ ಹಾದು ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಸಿಗ್ನಲ್‌ನಲ್ಲಿ ಸುಮ್ನೆ ನಿಂತಾಗಲೂ ಉರಿಯುತ್ತಲೇ ಇರುತ್ತದೆ. ಇವಿ ನಿಂತರೆ ಮೋಟರ್ ಕೂಡ ನಿಲ್ಲುತ್ತದೆ. ಬ್ರೇಕ್ ಹಾಕಿದರೆ ಅದೇ ಮೋಟರ್ ಜನರೇಟರ್ ಆಗಿ ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ವಾಪಸ್ ಕೊಡುತ್ತದೆ.

ಈಗ ಲೆಕ್ಕ. ನನ್ನ ಕಾರಿನ ಡ್ಯಾಶ್‌ಬೋರ್ಡ್ 100 ಕಿಮೀಗೆ 15 ಯೂನಿಟ್ ಅಂತ ತೋರಿಸುತ್ತದೆ. ಅದನ್ನು ನಂಬಬೇಡಿ. ಗೋಡೆ ಮೇಲಿನ ಮೀಟರ್ ನೋಡಿದರೆ 17 ಓಡಿರುತ್ತದೆ, ಯಾಕಂದರೆ ಚಾರ್ಜ್ ಮಾಡುವಾಗಲೇ ಒಂದಷ್ಟು ಬಿಸಿಯಾಗಿ ಸೋರಿಹೋಗುತ್ತದೆ. ಲೈನ್‌ನಲ್ಲಿ ಆಗುವ ನಷ್ಟವನ್ನೂ ಸೇರಿಸಿ 19 ಅಂತ ಇಟ್ಟುಕೊಳ್ಳಿ. ಪೂರ್ತಿ ಕಲ್ಲಿದ್ದಲಿನ ಕರೆಂಟ್ ಆದರೆ ಯೂನಿಟ್‌ಗೆ ಹೆಚ್ಚೂಕಡಿಮೆ 1 ಕೆಜಿ ಕಾರ್ಬನ್ ಡೈಆಕ್ಸೈಡ್, ಒಟ್ಟು 19 ಕೆಜಿ. ಲೀಟರ್‌ಗೆ 15 ಕಿಮೀ ಕೊಡುವ ಪೆಟ್ರೋಲ್ ಕಾರು ಅಷ್ಟೇ ದೂರಕ್ಕೆ ಬಿಡುವುದು ಸುಮಾರು 15 ಕೆಜಿ. ಒಂದು ಲೀಟರ್ ಸುಟ್ಟರೆ 2.3 ಕೆಜಿ ಬರುತ್ತದೆ. (ಲೀಟರ್ ಪೆಟ್ರೋಲಿನ ತೂಕವೇ ಮುಕ್ಕಾಲು ಕೆಜಿ, ಎರಡು ಕೆಜಿ ಮೇಲೆ ಹೊಗೆ ಹೇಗೆ ಅಂತ ನನಗೂ ತಲೆ ಕೆಟ್ಟಿತ್ತು. ಉರಿಯುವಾಗ ಗಾಳಿಯ ಆಮ್ಲಜನಕ ಬಂದು ಸೇರಿಕೊಳ್ಳುತ್ತದೆ, ಅದರದ್ದೇ ಭಾರ ಜಾಸ್ತಿ.)

ಅಂದರೆ ನೀವೇ ಗೆದ್ದಿರಿ ಅಲ್ವಾ? ಸ್ವಲ್ಪ ತಡೀರಿ. ಇವಿಗೆ ಪವರ್ ಪ್ಲಾಂಟ್‌ನಿಂದ ಲೆಕ್ಕ ಹಾಕಿ, ಪೆಟ್ರೋಲಿಗೆ ಮಾತ್ರ ಬಂಕ್‌ನಿಂದ ಶುರು ಮಾಡಿದರೆ ಅದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಕಚ್ಚಾ ತೈಲ ಮೇಲೆತ್ತಿ, ಹಡಗಿನಲ್ಲಿ ಸಾಗಿಸಿ, ರಿಫೈನರಿಯಲ್ಲಿ ಕಾಯಿಸಿ ಪೆಟ್ರೋಲ್ ಮಾಡುವುದಕ್ಕೂ ಇನ್ನೂ ಐದನೇ ಒಂದು ಪಾಲು ಸೇರಿಸಬೇಕು. ಆಗ 18 ಆಗುತ್ತದೆ. ಹಾಗಿದ್ದೂ ಕಲ್ಲಿದ್ದಲು ಅಗೆಯುವುದನ್ನೂ ಲೆಕ್ಕಕ್ಕೆ ಹಿಡಿದರೆ ಇವಿ ಒಂದು ಹೆಜ್ಜೆ ಹಿಂದೆಯೇ. ಒಪ್ಪಿದೆ.

ಆದರೆ ಪೂರ್ತಿ ಕಲ್ಲಿದ್ದಲಿನ ಮೇಲೇ ನಡೆಯುವ ಗ್ರಿಡ್‌ಗಳು (ಊರೂರಿಗೆ ಕರೆಂಟ್ ಹಂಚುವ ಜಾಲಗಳು) ಕಡಿಮೆ. ಅರ್ಧ ಕಲ್ಲಿದ್ದಲು, ಇನ್ನರ್ಧ ನೀರು, ಗಾಳಿ, ಬಿಸಿಲು, ಅಣು ಅಂತಿದ್ದರೆ 19 ಇದ್ದದ್ದು 10ಕ್ಕೆ ಇಳಿಯುತ್ತದೆ. ನಾರ್ವೆಯಂತೆ ಬಹುಪಾಲು ನೀರಿನಿಂದಲೇ ಕರೆಂಟ್ ಮಾಡುವ ಕಡೆ ಲೆಕ್ಕಕ್ಕೆ ಸಿಗುವಷ್ಟೂ ಇರುವುದಿಲ್ಲ. ಇನ್ನೊಂದು, ಇವತ್ತು ಕೊಂಡ ಪೆಟ್ರೋಲ್ ಕಾರು ಹದಿನೈದು ವರ್ಷ ಆದಮೇಲೂ ಇಷ್ಟೇ ಹೊಗೆ ಬಿಡುತ್ತದೆ. ಇವಿ ಹಾಗಲ್ಲ. ಗ್ರಿಡ್‌ಗೆ ಹೊಸ ಸೋಲಾರ್ ಸೇರಿದಂತೆಲ್ಲ ಅದೇ ಹಳೇ ಕಾರು ಇನ್ನಷ್ಟು ಶುದ್ಧವಾಗುತ್ತದೆ. ನಾನು ರಜೆ ದಿನ ಮಧ್ಯಾಹ್ನ ಚಾರ್ಜಿಗೆ ಹಾಕುವುದೂ ಇದಕ್ಕೇ, ಆಗ ಗ್ರಿಡ್‌ನಲ್ಲಿ ಬಿಸಿಲಿನ ಕರೆಂಟ್ ಜಾಸ್ತಿ ಇರುತ್ತದೆ.

ಬ್ಯಾಟರಿ ವಿಷಯ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. 50 ಯೂನಿಟ್ ಹಿಡಿಯುವ ಬ್ಯಾಟರಿ ಮಾಡುವಷ್ಟರಲ್ಲಿ ಮೂರರಿಂದ ಐದು ಟನ್ ಕಾರ್ಬನ್ ಡೈಆಕ್ಸೈಡ್ ಹೋಗಿರುತ್ತದೆ. ಅರ್ಧ ಕಲ್ಲಿದ್ದಲಿನ ಗ್ರಿಡ್‌ನಲ್ಲಿ 100 ಕಿಮೀಗೆ 8 ಕೆಜಿ ಉಳಿದರೆ, ನಾಲ್ಕು ಟನ್ ಸಾಲ ತೀರುವುದಕ್ಕೆ 50,000 ಕಿಮೀ ಓಡಿಸಬೇಕು. ನನಗೆ ಓಡಾಟ ಜಾಸ್ತಿ, ಮೂರು ವರ್ಷದೊಳಗೆ ತೀರಿತು. ನೀವು ವರ್ಷಕ್ಕೆ ಎಷ್ಟು ಓಡಿಸುತ್ತೀರಿ ಅಂತ ಬರೆದಿಲ್ಲ. ನಾಲ್ಕೈದು ಸಾವಿರ ಕಿಮೀ ಅಷ್ಟೇ ಆದರೆ, ಈಗಿರುವ ಕಾರು ಚೆನ್ನಾಗಿದ್ದರೆ, ಅದನ್ನೇ ಇನ್ನಷ್ಟು ವರ್ಷ ಓಡಿಸಿ.